ಗದ್ದೆಯ ಲೋರಾ ಮೆಶ್: 9 ನೋಡ್‌ನಲ್ಲಿ 2 ಮಾತ್ರ ರಿಲೇ ಮಾಡಿದರೆ ಸಾಕಾಯಿತು

ಮಂಡ್ಯದ ಹತ್ತಿರ ನಮ್ಮ ಕಬ್ಬಿನ ಗದ್ದೆಯಲ್ಲಿ ಮೆಶ್‌ಟಾಸ್ಟಿಕ್ ಎಂಬ ಸಾಫ್ಟ್‌ವೇರ್ ಹಾಕಿದ 9 ಲೋರಾ ನೋಡ್ ಇವೆ. ಲೋರಾ ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೊ, ನೋಡ್ ಅಂದರೆ ಅಂಥ ಒಂದು ಸಾಧನ; ಒಂದರ ಮೆಸೇಜನ್ನು ಇನ್ನೊಂದು ಮುಂದಕ್ಕೆ ಕಳಿಸುವ (ರಿಲೇ) ಜಾಲವೇ ಮೆಶ್. ಮಣ್ಣಿನ ತೇವದ ಲೆಕ್ಕ ಮನೆಗೆ ಬರಬೇಕು. ನಾಲೆ ಪಕ್ಕದ ಕೊನೆಯ ನೋಡ್‌ನಿಂದ ಮೂರರಲ್ಲಿ ಒಂದು ಮೆಸೇಜ್ ಬಂದರೆ ಹೆಚ್ಚು. ಚಾನೆಲ್ ಬಳಕೆ (ರೇಡಿಯೊ ಚಾನೆಲ್ ಎಷ್ಟು ಹೊತ್ತು ತುಂಬಿರುತ್ತದೆ ಎಂಬ ಲೆಕ್ಕ) ಮಾತ್ರ ಶೇ. 40 ದಾಟಿತ್ತು.

ದೊಡ್ಡ ಆಂಟೆನಾ ಹಾಕಿದೆ, ಆಗಲಿಲ್ಲ. ಹಾಪ್ ಮಿತಿಯನ್ನು (ಒಂದು ಮೆಸೇಜನ್ನು ಎಷ್ಟು ಸಲ ರಿಲೇ ಮಾಡಬಹುದು ಎಂಬುದು) 3ರಿಂದ 7ಕ್ಕೆ ಏರಿಸಿದೆ, ಇನ್ನೂ ಕೆಟ್ಟಿತು. ಎಲ್ಲವನ್ನೂ ರೂಟರ್ ಮಾಡಿದ್ದಂತೂ ದೊಡ್ಡ ತಪ್ಪು.

ರೂಟರ್, ಕ್ಲೈಂಟ್ ಎಂಬುವು ನೋಡ್‌ಗೆ ಕೊಡುವ ಪಾತ್ರಗಳು. ಕ್ಲೈಂಟ್ ನೋಡ್ ಮೆಸೇಜ್ ಕೇಳಿದ ಮೇಲೆ ಸ್ವಲ್ಪ ಕಾಯುತ್ತದೆ. ಅಷ್ಟರಲ್ಲಿ ಬೇರೆ ನೋಡ್ ಅದನ್ನೇ ಕಳಿಸಿದ್ದು ಕೇಳಿಸಿದರೆ ಸುಮ್ಮನಾಗುತ್ತದೆ. ರೂಟರ್ ಸುಮ್ಮನಾಗುವುದಿಲ್ಲ. 9 ರೂಟರ್ ಒಂದೇ ಚಾನೆಲ್‌ನಲ್ಲಿ ಕೂಗಿದರೆ ಯಾರ ಮಾತೂ ಕೇಳಿಸಲ್ಲ ಅಲ್ವಾ?

ಕೆಲಸ ಮಾಡಿದ ಕ್ರಮ ಇದು. ಮೊದಲು ನೀರಿನ ಟ್ಯಾಂಕ್ ಮೇಲಿನದನ್ನು ಮಾತ್ರ ರೂಟರ್ ಆಗಿ ಉಳಿಸಿದೆ. ಅದರ ಆಂಟೆನಾ ಕಬ್ಬಿನ ಸೋಗೆಗಿಂತ ಮೇಲಿದೆ. ಆಮೇಲೆ ಪಂಪ್‌ಹೌಸ್‌ನದನ್ನು ಕ್ಲೈಂಟ್ ಮಾಡಿದೆ. ಉಳಿದ ಒಂದೊಂದರ ಪಕ್ಕ ನಿಂತು, ಬ್ಲೂಟೂತ್‌ನಲ್ಲಿ ನೋಡ್ ಪಟ್ಟಿ ತೆರೆದು, ಅದರಲ್ಲಿ ಟ್ಯಾಂಕ್ ಅಥವಾ ಪಂಪ್‌ಹೌಸ್ ನೇರವಾಗಿ, ಅಂದರೆ ಮಧ್ಯೆ ರಿಲೇ ಇಲ್ಲದೆ, ಕಾಣುತ್ತಾ ನೋಡಿದೆ. ಕಂಡ ಮೇಲೆಯೇ ಕ್ಲೈಂಟ್ ಮ್ಯೂಟ್, ಅಂದರೆ ತನ್ನದನ್ನು ಕಳಿಸುತ್ತದೆ, ಬೇರೆ ನೋಡ್‌ನದನ್ನು ರಿಲೇ ಮಾಡುವುದಿಲ್ಲ. ಮನೆಯದೂ ಮ್ಯೂಟ್, ಅಲ್ಲಿಂದ ಮುಂದಕ್ಕೆ ಯಾರಿಗೂ ಹೋಗಬೇಕಿಲ್ಲ.

ನಾಲೆಯಿಂದ ಮನೆಗೆ ಮಧ್ಯೆ ಇರುವುದು ಪಂಪ್‌ಹೌಸ್, ಟ್ಯಾಂಕ್ ಎರಡೇ. ಅದಕ್ಕೇ ಎಲ್ಲದರಲ್ಲೂ ಹಾಪ್ ಮಿತಿ 2. ಟೆಲಿಮೆಟ್ರಿ (ಅಳತೆಯ ಲೆಕ್ಕ ಕಳಿಸುವುದು) 3600 ಸೆಕೆಂಡಿಗೆ ಒಮ್ಮೆ. ನೋಡ್‌ಗಳು ಜಾಗ ಬಿಟ್ಟು ಕದಲುವುದಿಲ್ಲ, ಹಾಗಾಗಿ ಜಿಪಿಎಸ್ ಆಫ್. ಪ್ರೀಸೆಟ್ (ರೇಡಿಯೊದ ವೇಗ, ದೂರದ ಸಿದ್ಧ ಸೆಟ್ಟಿಂಗ್) ಲಾಂಗ್ ಫಾಸ್ಟ್ ಹಾಗೇ ಇದೆ. ಬದಲಿಸುವುದಾದರೆ ಎಲ್ಲದರಲ್ಲೂ ಬದಲಿಸಿ, ಇಲ್ಲದಿದ್ದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸಲ್ಲ.

ಈಗ ಚಾನೆಲ್ ಬಳಕೆ ಶೇ. 8ರ ಆಸುಪಾಸು. ನಾಲೆ ನೋಡ್‌ನ ಮೆಸೇಜ್ ಗಂಟೆಗೊಮ್ಮೆ ತಪ್ಪದೆ ಬರುತ್ತಿದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ರೀಜನ್ (ಯಾವ ದೇಶದ ರೇಡಿಯೊ ಆವರ್ತನ ಎಂಬ ಸೆಟ್ಟಿಂಗ್) ಅಳಿಸಿಹೋಗುತ್ತದೆ, ಮತ್ತೆ ಇಂಡಿಯಾ ಹಾಕುವ ತನಕ ನೋಡ್ ಏನನ್ನೂ ಕಳಿಸುವುದಿಲ್ಲ.