ಹಾಲಿನ ಪುಡಿಯ ಸುಂಕ ಮತ್ತು ನಮ್ಮ ಏಳು ಜನರ ಸಮಿತಿ

ಮೈಸೂರಿನಲ್ಲಿ ಕೃಷಿ ಅರ್ಥಶಾಸ್ತ್ರ ಬೋಧಿಸಿ ನಿವೃತ್ತನಾದ ನನಗೆ ವಿದೇಶಾಂಗ ನೀತಿಯೆಂದರೆ ದೆಹಲಿಯ ಸೌತ್ ಬ್ಲಾಕಿನ ಗೋಡೆಗಳೊಳಗೆ ನಡೆಯುವ ವ್ಯವಹಾರ ಎಂಬ ಭಾವನೆಯೇ ಬಹುಕಾಲ ಇತ್ತು. 2018ರಲ್ಲಿ, 16 ದೇಶಗಳ ನಡುವೆ ಆರು ವರ್ಷಗಳಿಂದ ಮಾತುಕತೆ ನಡೆಯುತ್ತಿದ್ದ ಆರ್‌ಸಿಇಪಿ (ಪ್ರಾದೇಶಿಕ ಸಮಗ್ರ ಆರ್ಥಿಕ ಸಹಭಾಗಿತ್ವ) ವ್ಯಾಪಾರ ಒಪ್ಪಂದದಿಂದ ಹಾಲು ಉತ್ಪಾದಕರ ಮೇಲಾಗುವ ಪರಿಣಾಮವನ್ನು ಅಧ್ಯಯನ ಮಾಡುವ ಸಣ್ಣ ತಜ್ಞರ ಸಮಿತಿಯೊಂದನ್ನು ನಡೆಸಿಕೊಡಬೇಕೆಂದು ದೆಹಲಿಯ ಸಂಶೋಧನಾ ಸಂಸ್ಥೆಯೊಂದು ಕೇಳಿಕೊಂಡಾಗ, ಮಂಡ್ಯ ಜಿಲ್ಲೆಯ ದನದ ಕೊಟ್ಟಿಗೆಗೂ ಆ ಗೋಡೆಗಳಿಗೂ ಇರುವ ದೂರ ನಾನೆಣಿಸಿದಷ್ಟಿಲ್ಲ ಎಂದು ತಿಳಿಯಿತು.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಒಂದು ವಿಚಿತ್ರ ಕಾಕತಾಳೀಯವಿದೆ. ವಿದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಕೇಂದ್ರ ಪಟ್ಟಿಯ 14ನೇ ನಮೂದು. ಕೃಷಿಯು ರಾಜ್ಯ ಪಟ್ಟಿಯ 14ನೇ ನಮೂದು. ಒಪ್ಪಂದವನ್ನು ಜಾರಿಗೆ ತರಲು ರಾಜ್ಯದ ವಿಷಯದಲ್ಲೂ ಸಂಸತ್ತು ಶಾಸನ ಮಾಡಬಹುದೆಂದು 253ನೇ ವಿಧಿ ಹೇಳುತ್ತದೆ. ಹೀಗಾಗಿ ಸಹಿ ಬೀಳುವ ಮೊದಲೇ ಹಳ್ಳಿಯ ಲೆಕ್ಕ ದೆಹಲಿಯನ್ನು ತಲುಪದಿದ್ದರೆ ಆಮೇಲೆ ತಲುಪಿ ಹೆಚ್ಚು ಪ್ರಯೋಜನವಿಲ್ಲ.

ಸಮಿತಿಯಲ್ಲಿ ನಾವು ಏಳು ಜನರಿದ್ದೆವು: ಒಬ್ಬ ಪಶುವೈದ್ಯರು, ಒಬ್ಬ ಆಹಾರ ತಂತ್ರಜ್ಞೆ, ಒಬ್ಬ ವಕೀಲರು, ಸಹಕಾರ ಸಂಘಗಳ ಲೆಕ್ಕ ಪರಿಶೋಧನೆ ಮಾಡಿದ್ದ ಒಬ್ಬರು, ಇಬ್ಬರು ಅರ್ಥಶಾಸ್ತ್ರಜ್ಞರು ಮತ್ತು ಮೈಸೂರಿನಲ್ಲಿ ನೆಲೆಸಿದ್ದ ಒಬ್ಬ ನಿವೃತ್ತ ರಾಯಭಾರಿ. ಪಕ್ಷಾತೀತರೆಂದರೆ ಅಭಿಪ್ರಾಯವಿಲ್ಲದವರು ಎಂದು ಕೆಲವರು ತಿಳಿದಿದ್ದಾರೆ. ಅಂಥವರನ್ನು ನಾನಂತೂ ಇನ್ನೂ ಕಂಡಿಲ್ಲ. ಮೊದಲ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಪಕ್ಷದ ನಂಟು, ಷೇರು, ಡೈರಿ ಉದ್ಯಮದಲ್ಲಿರುವ ಬಂಧುಗಳು, ಯಾರಿಂದ ಸಂಭಾವನೆ ಪಡೆದಿದ್ದೇವೆ ಎಂಬುದನ್ನೆಲ್ಲ ಬರೆದು ಮೇಜಿನ ಮೇಲಿಟ್ಟೆವು. ನಮ್ಮಲ್ಲೊಬ್ಬರ ಭಾವಮೈದುನ ಪಶು ಆಹಾರದ ವ್ಯಾಪಾರಿಯೆಂದು ತಿಳಿದದ್ದು ಆಗಲೇ, ಮತ್ತು ಮೇವಿನ ಅಧ್ಯಾಯದ ಚರ್ಚೆಯಿಂದ ಅವರು ತಾವಾಗಿಯೇ ದೂರ ಉಳಿದರು.

ಕಾಗದದ ಮೇಲಿನ ಲೆಕ್ಕ ಸುಲಭವಾಗಿತ್ತು. ಆ 16 ದೇಶಗಳಲ್ಲೊಂದಾದ ನ್ಯೂಜಿಲೆಂಡಿನ ಒಟ್ಟು ಹಾಲು ಆಗ ನಮ್ಮ ದೇಶದ ಉತ್ಪಾದನೆಯ ಎಂಟು–ಒಂಬತ್ತನೆಯ ಒಂದು ಪಾಲಿನಷ್ಟೇ ಇತ್ತು. ಆದರೆ ಅವರು ಅದರಲ್ಲಿ ಶೇ 90ಕ್ಕೂ ಹೆಚ್ಚನ್ನು ಹೊರದೇಶಗಳಿಗೆ ಮಾರುತ್ತಾರೆ, ನಾವು ಬಹುಪಾಲನ್ನು ನಾವೇ ಕುಡಿದು ತಿನ್ನುತ್ತೇವೆ. ಅಪಾಯವಿದ್ದದ್ದು ಹಾಲಿನಲ್ಲಲ್ಲ, ಪುಡಿಯಲ್ಲಿ. ಹಾಲು ಹೆಚ್ಚು ಬರುವ ತಿಂಗಳುಗಳಲ್ಲಿ ಒಕ್ಕೂಟಗಳು ಉಳಿಕೆ ಹಾಲನ್ನು ಪುಡಿ ಮಾಡಿಸುತ್ತವೆ, ಒಂದು ಕಿಲೋ ಪುಡಿಗೆ ಕೆನೆ ತೆಗೆದ ಹಾಲು ಸುಮಾರು 11 ಲೀಟರ್ ಬೇಕು. ಹೊರಗಿನ ಪುಡಿ ಅಗ್ಗವಾಗಿ ಬಂದರೆ ಗೋದಾಮಿನಲ್ಲಿರುವ ದಾಸ್ತಾನಿನ ಬೆಲೆ ಕುಸಿದು, ಆ ನಷ್ಟ ಕೊನೆಗೆ ಹಳ್ಳಿಯ ಡೈರಿಯ ಬಟವಾಡೆಗೆ ಬಂದು ತಟ್ಟುತ್ತದೆ.

ಹಳ್ಳಿಯ ಲೆಕ್ಕ ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಮದ್ದೂರು ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲೂ ಮಳೆಯನ್ನೇ ನಂಬಿದ ನಾಗಮಂಗಲದಲ್ಲೂ ಬೆಳಗಿನ ಹೊತ್ತು ಡೈರಿಗಳ ಮುಂದೆ ನಿಂತು, ಕ್ಯಾನು ಹಿಡಿದು ಬಂದವರನ್ನು ಮಾತನಾಡಿಸಿದೆವು. ನಾಗಮಂಗಲದ ಒಬ್ಬ ಹೆಂಗಸು, "ಹಾಲಿನ ರೇಟು ಎಲ್ರೂ ಕೇಳ್ತಾರೆ ಮೇಷ್ಟ್ರೇ, ಹುಲ್ಲಿನ ರೇಟು ಯಾರೂ ಕೇಳಾಕಿಲ್ಲ" ಎಂದರು. ನಮ್ಮ ಪ್ರಶ್ನಾವಳಿಯಲ್ಲಿ ನಿಜಕ್ಕೂ ಆ ಪ್ರಶ್ನೆ ಇರಲಿಲ್ಲ. ನಾಲೆಯ ಬಯಲಿನವರು ಬದುವಿನಲ್ಲಿ ಬೆಳೆದ ಹಸಿಮೇವು ಹಾಕುತ್ತಿದ್ದರೆ, ಇವರು ಅದೇ ಬಯಲಿನ ಭತ್ತದ ಹುಲ್ಲನ್ನು ದುಡ್ಡು ಕೊಟ್ಟು ತರಿಸುತ್ತಿದ್ದರು. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ ಒಂದು ಲೀಟರ್ ಹಾಲಿನ ಖರ್ಚು ಒಂದೇ ಅಲ್ಲವಾದ ಮೇಲೆ, ದೇಶಕ್ಕೆಲ್ಲ ಒಂದೇ ಸರಾಸರಿ ಹಿಡಿದು ಮಾತುಕತೆಗೆ ಕೂರುವುದು ಎಷ್ಟು ದುರ್ಬಲವೆಂದು ನಮಗೆ ಆ ಬೆಳಿಗ್ಗೆ ಅರ್ಥವಾಯಿತು, ಪ್ರಶ್ನಾವಳಿಯನ್ನು ಹೊಸದಾಗಿ ಬರೆದೆವು.

ಜಗಳ ಎದ್ದದ್ದು ರಾಜ್ಯ ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನದ ವಿಷಯದಲ್ಲಿ. ಅದನ್ನು ಕಳೆದು ನೋಡಿದರೆ ಒಣ ತಾಲ್ಲೂಕಿನ ಅನೇಕ ಮನೆಗಳಿಗೆ ಹಾಲಿನಿಂದ ಉಳಿಯುತ್ತಿದ್ದದ್ದು ಬಹಳ ಕಡಿಮೆ. ಇದನ್ನು ವರದಿಯಲ್ಲಿ ಹಾಕಿದರೆ ಎದುರಿನ ದೇಶಗಳು ಸಬ್ಸಿಡಿಯೆಂದು ಬೆರಳು ತೋರಿಸುತ್ತವೆ, ಬಿಟ್ಟುಬಿಡಿ ಎಂದು ಉತ್ಪಾದಕರ ಪರವಾಗಿ ಮಾತನಾಡಲು ಸಭೆಗೆ ಬಂದಿದ್ದವರೊಬ್ಬರು ಒತ್ತಾಯಿಸಿದರು. ಅವರ ಆತಂಕ ಸುಳ್ಳಾಗಿರಲಿಲ್ಲ. ಆದರೂ ಹಾಕಿದೆವು, ನಮ್ಮ ಸಂಧಾನಕಾರರಿಗೆ ತಮ್ಮ ದೌರ್ಬಲ್ಯ ಎದುರಾಳಿಯ ಬಾಯಿಂದ ತಿಳಿಯುವುದಕ್ಕಿಂತ ನಮ್ಮಿಂದ ತಿಳಿಯುವುದೇ ವಾಸಿ ಎಂದು ಐವರು ಒಪ್ಪಿದರು, ಒಪ್ಪದ ಇಬ್ಬರು ತಮ್ಮ ಭಿನ್ನಮತವನ್ನು ಎರಡು ಪುಟಗಳಲ್ಲಿ ಬರೆದು ವರದಿಗೆ ಸೇರಿಸಿದರು.

ಒಪ್ಪಂದ ಬೇಕೋ ಬೇಡವೋ ಎಂದು ವರದಿಯಲ್ಲಿ ನಾವು ಹೇಳಲಿಲ್ಲ. ಅದು ಚುನಾಯಿತರ ಕೆಲಸ. ಹಿಂದಿನ ಜಾಗತಿಕ ವ್ಯಾಪಾರ ಮಾತುಕತೆಗಳಲ್ಲಿ ಭಾರತ ಹಾಲಿನ ಪುಡಿಗೆ ಸುಂಕ ಹಾಕುವುದಿಲ್ಲವೆಂದು ಮಾತು ಕೊಟ್ಟು ಕೈ ಕಟ್ಟಿಹಾಕಿಕೊಂಡು, ಆಮೇಲೆ ಮತ್ತೆ ಸಂಧಾನ ನಡೆಸಿ, 10,000 ಟನ್‌ವರೆಗೆ ಶೇ 15, ಅದರಾಚೆಗೆ ಶೇ 60 ಎಂಬ ಸುಂಕವನ್ನು ಪಡೆದುಕೊಂಡಿತ್ತು. ಈ ಗೋಡೆಯನ್ನು ಎಷ್ಟು ತಗ್ಗಿಸಿದರೆ ಯಾವ ತಾಲ್ಲೂಕಿನ ಬಟವಾಡೆಗೆ ಎಷ್ಟು ಪೆಟ್ಟು ಬೀಳುತ್ತದೆ ಎಂಬುದನ್ನು ಮೂರು ಸಾಧ್ಯತೆಗಳಾಗಿ ತೋರಿಸಿದೆವು. ಆಮದು ಒಂದು ಮಿತಿ ದಾಟಿದ ಕೂಡಲೇ ಸುಂಕ ತಾನಾಗಿಯೇ ಏರುವ ವ್ಯವಸ್ಥೆ ಇದ್ದರೆ ಮತ್ತು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಿದೆವು.

ವರದಿ ಕಳುಹಿಸಿ ತಿಂಗಳುಗಳು ಕಳೆದರೂ ಉತ್ತರವಿಲ್ಲದೆ ನಾನು ಚಡಪಡಿಸುತ್ತಿದ್ದಾಗ ರಾಯಭಾರಿಗಳು ರಾಷ್ಟ್ರೀಯ ಭದ್ರತಾ ಸಲಹಾ ಮಂಡಳಿಯ ಉದಾಹರಣೆ ಕೊಟ್ಟರು: ಹೆಸರಾಂತ ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ಸಂಚಾಲಕರಾಗಿದ್ದ ಆ ಮಂಡಳಿಯ ಪರಮಾಣು ನೀತಿಯ ಕರಡು 1999ರ ಆಗಸ್ಟಿನಲ್ಲಿ ಪ್ರಕಟವಾಯಿತು, ಸರ್ಕಾರ ತನ್ನ ನೀತಿಯನ್ನು ಪ್ರಕಟಿಸಿದ್ದು 2003ರ ಜನವರಿಯಲ್ಲಿ, ಅದೂ ತನಗೆ ಬೇಕಾದ ಬದಲಾವಣೆಗಳೊಂದಿಗೆ. ಅಂಥವರಿಗೇ ಅಷ್ಟು ಕಾಲ ಹಿಡಿದಿರುವಾಗ ನಮ್ಮ ಪುಡಿಯ ಕಥೆಗೇನು ಅವಸರ ಎಂದು ನಕ್ಕರು.

2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಆರ್‌ಸಿಇಪಿಯಿಂದ ಹಿಂದೆ ಸರಿದಾಗ ಪರಿಚಿತರು ಫೋನ್ ಮಾಡಿ ಅಭಿನಂದಿಸಿದರು. ನಾನು ಅದನ್ನು ಸ್ವೀಕರಿಸಲಿಲ್ಲ. ಚೀನಾದ ಸರಕುಗಳ ಭಯ, ಸುಂಕ ಇಳಿಕೆಗೆ 2014ರ ಬದಲು 2019ನ್ನು ಆಧಾರ ವರ್ಷವಾಗಿ ಹಿಡಿಯಬೇಕೆಂಬ ಬೇಡಿಕೆ, ರೈತ ಸಂಘಟನೆಗಳ ಪ್ರತಿಭಟನೆ ಎಲ್ಲವೂ ಅದರ ಹಿಂದಿದ್ದವು. ನಮ್ಮ ವರದಿಯ ಬಗ್ಗೆ ದೆಹಲಿಯಿಂದ ನನಗೆ ಬಂದದ್ದು ಒಂದೇ ಕರೆ, ಅದೂ ಆ ಸಭೆಗೆ ಕೆಲವು ವಾರಗಳ ಮೊದಲು. ಕರೆ ಮಾಡಿದ ಅಧಿಕಾರಿಗೆ ಶಿಫಾರಸುಗಳು ಬೇಕಿರಲಿಲ್ಲ. ನಾಲೆಯ ಬಯಲಿನ ಮತ್ತು ಒಣ ತಾಲ್ಲೂಕಿನ ಮೇವಿನ ಖರ್ಚನ್ನು ಅಕ್ಕಪಕ್ಕ ತೋರಿಸುವ ಕೋಷ್ಟಕ, ಮತ್ತು ಆ ಭಿನ್ನಮತದ ಎರಡು ಪುಟ, ಸಂಜೆಯೊಳಗೆ ಬೇಕೆಂದರು.