ಕ್ಯಾಟಲಿನಾ 22: ಕೀಲ್ ಇಳಿಸಿ ಮತ್ತೆ ಏರಿಸಿದ ಬಗೆ

ಹಳೇ ಕ್ಯಾಟಲಿನಾ 22 ಹಾಯಿದೋಣಿ ಕೊಳ್ಳಲು ಬಂದವರು ಮೊದಲು ಹಾಯಿ ಬಿಡಿಸಿ ನೋಡುತ್ತಾರೆ, ಆಮೇಲೆ ಕ್ಯಾಬಿನ್ನಿನ ಕುಶನ್. ನಾನು ಮೊದಲು ಬಗ್ಗುವುದು ತಳಕ್ಕೆ. ಫ್ರಾಂಕ್ ಬಟ್ಲರ್ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೊರತಂದ 21.5 ಅಡಿಯ ಈ ಫೈಬರ್‌ಗ್ಲಾಸ್ ದೋಣಿ ಟ್ರೇಲರ್ ಮೇಲೆ ಸಲೀಸಾಗಿ ಹತ್ತುವುದೇ ಎತ್ತಿಳಿಸುವ ಕೀಲ್‌ನ ದೆಸೆಯಿಂದ; ಕೀಲ್ ಎಂದರೆ ದೋಣಿ ಮಗುಚದಂತೆ ತಳದಿಂದ ನೀರಿಗಿಳಿಯುವ ಭಾರದ ರೆಕ್ಕೆ. ಎತ್ತಿದರೆ 2 ಅಡಿ ನೀರು ಸಾಕು, ಇಳಿಸಿದರೆ 5 ಅಡಿ ಬೇಕು. ಹಳೆಯ ದೋಣಿಗಳಲ್ಲಿ ಅದು ಸುಮಾರು 250 ಕಿಲೋ ಎರಕದ ಕಬ್ಬಿಣ. ಮುಂದಿನ ತುದಿ ತೂಗುವುದು 1 ಇಂಚಿನ ಒಂದೇ ಪಿನ್‌ನಲ್ಲಿ.

ದೋಣಿಯನ್ನು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ ಟ್ರೇಲರ್ ಹೊರಗೆಳೆದೆ. ಕೀಲ್ ಮೇಲಿದ್ದಾಗಲೇ ಹಿಂದೆ, ಮುಂದೆ ಒಂದೊಂದು ಜ್ಯಾಕ್ ಕೊಟ್ಟು, ನಡುವೆ ದಪ್ಪ ಮರದ ತುಂಡು ಇಟ್ಟು, ಭಾರವೆಲ್ಲ ಜ್ಯಾಕ್‌ಗೆ ಬಂದ ಮೇಲಷ್ಟೇ ಕೀಲ್ ಎತ್ತಿಳಿಸುವ ಕೇಬಲ್ ಸಡಿಲಿಸಿದ್ದು. ಪಿನ್ ಹಿಡಿದಿರುವ ಹ್ಯಾಂಗರ್‌ಗಳ ಬೋಲ್ಟ್ ತುಕ್ಕಿಗೆ ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಬಲ ಹಾಕಿ ತಿರುಚಿದರೆ ತಲೆ ಮುರಿದು ಉಳಿದದ್ದು ಹಲ್‌ನೊಳಗೇ, ಅಂದರೆ ದೋಣಿಯ ಒಡಲಿನೊಳಗೇ, ಸಿಕ್ಕಿಕೊಳ್ಳುತ್ತದೆ. ಕೀಲ್ ಇಳಿದ ಮೇಲೆ ಹ್ಯಾಂಗರ್ ಕೂತಿದ್ದ ಜಾಗದ ಫೈಬರ್‌ಗ್ಲಾಸ್‌ನಲ್ಲಿ ಬಿರುಕಿದೆಯೇ ಎಂದು ಟಾರ್ಚ್ ಹಿಡಿದು ನೋಡಿ.

ಸವೆದ ಪಿನ್ ಬೆರಳಿಗೇ ತಿಳಿಯುತ್ತದೆ: ಕೀಲ್ ಕೂತ ಜಾಗದಲ್ಲಿ ಸಣ್ಣ ತೋಡು. ಆದರೆ ಹೊಸ ಪಿನ್ ಹಾಕಿ ಸುಮ್ಮನಾದರೆ ಪ್ರಯೋಜನವಿಲ್ಲ, ಕೀಲ್‌ನ ತೂತೂ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಲೇತ್ ಶಾಪ್‌ನಲ್ಲಿ ಅದನ್ನು ದುಂಡಗೆ ಕೊರೆಸಿ, 1 ಇಂಚು ಒಳ ಅಳತೆಯ ಕಂಚಿನ ಬುಷ್ (ತೂತಿನೊಳಗೆ ಕೂರುವ ಕೊಳವೆ) ಹೊಡೆಸಿದೆ. ಇಬ್ಬದಿಗೂ ವಾಷರ್ ಕೊಟ್ಟರೆ ಲಂಗರು ಹಾಕಿದಾಗ ರಾತ್ರಿಯೆಲ್ಲ ಕೇಳುವ ಟಣ್ ಟಣ್ ಕಡಿಮೆಯಾಗುತ್ತದೆ. ಬಿಗಿ ಮಾತ್ರ ಬೇಡ, ಕೀಲ್ ತನ್ನ ಭಾರಕ್ಕೆ ತಾನೇ ಇಳಿಯಬೇಕು.

ತುಕ್ಕಿಗೆ ಸ್ಯಾಂಡ್‌ಬ್ಲಾಸ್ಟಿಂಗ್, ಅಂದರೆ ಮರಳು ಚಿಮ್ಮಿಸಿ ಕೆರೆಯುವುದು, ಒಂದೇ ದಾರಿ. ವೈರ್ ಬ್ರಶ್ ಗುಳಿಗಳೊಳಗೆ ಹೋಗದು. ಬ್ಲಾಸ್ಟ್ ಆದ ಕಬ್ಬಿಣಕ್ಕೆ ಅಂದೇ ಮೊದಲ ಕೋಟ್ ಎಪಾಕ್ಸಿ ಬೀಳಬೇಕು, ರಾತ್ರಿಯ ತೇವಕ್ಕೆ ಬಿಟ್ಟರೆ ಬೆಳಿಗ್ಗೆ ಮತ್ತೆ ಕಿತ್ತಳೆ ಬಣ್ಣ. ಗುಳಿಗಳನ್ನು ಎಪಾಕ್ಸಿ ಫಿಲ್ಲರ್‌ನಿಂದ ತುಂಬುವಾಗ ಹಲ್‌ನಲ್ಲಿ ಕೀಲ್ ಸೇರುವ ಸೀಳಿನ ಅಗಲ ಅಳೆದಿಟ್ಟುಕೊಳ್ಳಿ. ಅಂದವಾಗಿ ನುಣುಪು ಮಾಡಿದ ಕೀಲ್ ಒಳಗೆ ಹೋಗದೆ ಮತ್ತೆ ಉಜ್ಜುವ ಗೋಳು ಬೇಡ.

ದೋಣಿ ಮುಳುಗಿಸಬಲ್ಲ ಭಾಗ ಬೇರೆಯೇ ಇದೆ. ಕೇಬಲ್ ಕ್ಯಾಬಿನ್ ಒಳಗೆ ಬರುವಲ್ಲಿ ಗೇಣುದ್ದದ ರಬ್ಬರ್ ಹೋಸ್. ಅದು ಸೀಳಿದರೆ ನೀರು ನೇರ ಒಳಗೆ. ಕೇಬಲ್ ಬದಲಿಸುವಾಗಲೇ ಹೋಸೂ ಹೊಸದಾಗಲಿ, ಎರಡೂ ತುದಿಗೆ ಸ್ಟೇನ್‌ಲೆಸ್ ಕ್ಲಾಂಪ್ ಜೋಡಿ. ಕೇಬಲ್ ಸುತ್ತುವ ವಿಂಚ್‌ನ ಹಲ್ಲುಗಳಿಗೆ ಗ್ರೀಸ್ ಹಚ್ಚಿ, ಬ್ರೇಕ್ ಡಿಸ್ಕ್‌ಗೆ ಮಾತ್ರ ತಾಗಿಸಬೇಡಿ.

ಇಳಿದ ಕೀಲ್ ಅಲುಗದಂತೆ ಹಿಡಿಯುವ ಲಾಕ್ ಬೋಲ್ಟ್ ಬಗ್ಗೆ ವಾದವಿದೆ. ಬಿಗಿದಿದ್ದರೆ ದೋಣಿ ಮಗುಚುವಷ್ಟು ವಾಲಿದರೂ ಕೀಲ್ ಮಡಚಿಕೊಂಡು ಒಳಗೆ ಬಡಿಯುವುದಿಲ್ಲ; ಆದರೆ ಬಂಡೆಗೆ ತಾಗಿದಾಗ ಹಿಂದಕ್ಕೆ ಸರಿದು ಪಾರಾಗುವುದೂ ಇಲ್ಲ. ಆಳದ ನೀರಲ್ಲಿ ಗಾಳಿ ಜೋರಿದ್ದರೆ ನಾನು ಬಿಗಿಯುತ್ತೇನೆ, ದಡದ ಹತ್ತಿರ ಬಿಚ್ಚುತ್ತೇನೆ. ಇನ್ನು ವೇಗ ಹಿಡಿದಾಗ ತಳದಿಂದ ಬರುವ ಗುಂಯ್ ಸದ್ದಿಗೆ ಹೆದರಬೇಕಿಲ್ಲ: ನೀರಿನ ಹರಿವಿಗೆ ಕೇಬಲ್ ಅದುರುವುದು ಅಷ್ಟೇ.