ಆಲ್ಫಾ 90 ಇದ್ರೂ ಮೀಟರ್ 152 ತೋರಿಸಿತು: ರೆಕ್ಟಿಫೈಯರ್ ಲೆಕ್ಕದಲ್ಲಿ ನನ್ನ ಅನುಭವ

ತುಮಕೂರಿನ ಅಂತರಸನಹಳ್ಳಿಯಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಡಿಸಿ ಡ್ರೈವ್ ರಿಪೇರಿ, ರೀವೈಂಡಿಂಗ್ ಮಾಡುತ್ತೇನೆ. ಹೋದ ವರ್ಷ ತಿಪಟೂರು ಕಡೆಯ ಒಂದು ನಾರಿನ ಯೂನಿಟ್‌ಗೆ 180 ವೋಲ್ಟ್ ಮೋಟಾರಿನ ಡ್ರೈವ್ ಕಟ್ಟಬೇಕಿತ್ತು. ನಾಲ್ಕೂ ಎಸ್‌ಸಿಆರ್ ಇರುವ ಫುಲ್ ಬ್ರಿಡ್ಜ್, ಅಂದ್ರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ಎಸ್‌ಸಿಆರ್ ಅಂದ್ರೆ ಸಿಗ್ನಲ್ ಕೊಟ್ಟಾಗ ಆನ್ ಆಗುವ ಸ್ವಿಚ್, ಅರ್ಧ ಅಲೆಯಲ್ಲಿ ಅದನ್ನು ಆನ್ ಮಾಡುವ (ಫೈರಿಂಗ್) ಕೋನವೇ ಆಲ್ಫಾ.

ಮೊದಲು ಬಲ್ಬ್ ಲೋಡ್ ಹಾಕಿ ಆಲ್ಫಾ 60ಕ್ಕೆ ಇಟ್ಟೆ. ಎಲ್ಲರೂ ಹಾಕುವ ಕಾಸ್ ಆಲ್ಫಾ ಲೆಕ್ಕದಲ್ಲಿ (ಅಲೆಯ ಪೀಕ್, ಅಂದ್ರೆ ತುದಿ ವೋಲ್ಟೇಜಿನ ಎರಡರಷ್ಟನ್ನು ಪೈಯಿಂದ ಭಾಗಿಸಿ, ಕಾಸ್ ಆಲ್ಫಾದಿಂದ ಗುಣಿಸೋದು) 230 ವೋಲ್ಟ್ ಇನ್‌ಪುಟ್‌ಗೆ 103 ಬರಬೇಕು, ಮೀಟರ್ 155 ತೋರಿಸಿತು. ಎಸ್‌ಸಿಆರ್ ಲೀಕ್ ಅಂದರು ಪಕ್ಕದ ಶೆಡ್‌ನವರು. ನಾಲ್ಕನ್ನೂ ಬದಲಿಸಿದೆ. ಮೀಟರ್ ಸರಿಯಿಲ್ಲ ಅಂದರು, ಇನ್ನೊಂದು ತಂದೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಸ್ಕೋಪ್ (ಅಲೆಯ ಆಕಾರ ತೋರಿಸುವ ಉಪಕರಣ) ಹಿಡಿದು ಒಂದು ಪ್ರೋಬ್ ಸುಟ್ಟೆ. ಎಲ್ಲ ಸೇರಿ ಆರು ಸಾವಿರದ ಹತ್ತಿರ ಹೋಯಿತು, ಮೀಟರ್ ಮಾತ್ರ ಅದೇ 155.

ತಪ್ಪು ಲೆಕ್ಕದಲ್ಲೇ ಇತ್ತು. ಆ ಸೂತ್ರ ಕರೆಂಟ್ ಕಡಿಯದೆ ಹರಿಯುವಾಗ ಮಾತ್ರ. ಬಲ್ಬಿನಲ್ಲಿ ವೋಲ್ಟೇಜ್ ಸೊನ್ನೆಗೆ ಬಂದ ಕೂಡಲೇ ಎಸ್‌ಸಿಆರ್ ಆಫ್ ಆಗುತ್ತದೆ, ಸರಾಸರಿಯಿಂದ ಕಳೆಯೋಕೆ ಅಲೆಯ ನೆಗೆಟಿವ್ ತುಂಡೇ ಇರಲ್ಲ. ಆಮೇಲೆ ನಾನು ಒಂದೇ ಲೆಕ್ಕ ಇಟ್ಟುಕೊಂಡೆ: ಕಾಸ್ ಆಲ್ಫಾದಿಂದ ಕಾಸ್ ಬೀಟಾ ಕಳೆದು, ಪೀಕ್‌ನಿಂದ ಗುಣಿಸಿ, ಪೈಯಿಂದ ಭಾಗಿಸೋದು. ಬೀಟಾ ಅಂದ್ರೆ ಕರೆಂಟ್ ನಿಲ್ಲುವ ಕೋನ. ಬಲ್ಬಿಗೆ ಅದು 180, ದಪ್ಪ ಚೋಕ್ (ಕರೆಂಟ್ ಕಡಿಯದಂತೆ ಹಿಡಿಯುವ ಸುರುಳಿ) ಇದ್ದರೆ 180 ಪ್ಲಸ್ ಆಲ್ಫಾ, ಆಗ ಹಳೇ ಸೂತ್ರವೇ ವಾಪಸ್ ಬರುತ್ತದೆ.

ಮೋಟಾರಿಗೆ ಇದು ನಡೆಯಲ್ಲ ಅಂದವರೇ ಜಾಸ್ತಿ. ಅದಕ್ಕೆ ಆಲ್ಫಾ 90ಕ್ಕೆ ಇಟ್ಟೆ, ಹಳೇ ಲೆಕ್ಕದಲ್ಲಿ ಪೂರಾ ಸೊನ್ನೆ. ಮೋಟಾರ್ ಜೋರಾಗಿಯೇ ತಿರುಗಿತು! ಸ್ಕೋಪಿನಲ್ಲಿ ಅಲೆ ಸೊನ್ನೆಯ ಕೆಳಗೆ ಸ್ವಲ್ಪ ಇಳಿದು, ತಟ್ಟನೆ ಮೇಲೆ ಹಾರಿ, ಮುಂದಿನ ಫೈರಿಂಗ್ ತನಕ 146ರ ಹತ್ತಿರ ಮಟ್ಟಸವಾಗಿ ನಿಂತಿತ್ತು. ಅದು ಮೋಟಾರಿನದೇ ಬ್ಯಾಕ್ ಇಎಂಎಫ್, ತಿರುಗುವಾಗ ಅದೇ ಹುಟ್ಟಿಸುವ ವೋಲ್ಟೇಜ್. ಕರೆಂಟ್ ನಿಂತದ್ದು ಅರ್ಧ ಅಲೆ ಶುರುವಾಗುವ ಸೊನ್ನೆ ದಾಟಿ 11 ಮಿಲಿಸೆಕೆಂಡ್ ಆದ ಮೇಲೆ, ಮಿಲಿಸೆಕೆಂಡಿಗೆ 18 ಡಿಗ್ರಿಯಂತೆ ಬೀಟಾ ಸುಮಾರು 200. ಸೂತ್ರದಿಂದ 97 ಬಂತು, 200ರಿಂದ ಮುಂದಿನ ಫೈರಿಂಗ್ 270ರ ತನಕದ 70 ಡಿಗ್ರಿ ಗ್ಯಾಪಿನಲ್ಲಿ ನಿಂತ 146ರ ಪಾಲು 57, ಒಟ್ಟು 154. ಮೀಟರಿನಲ್ಲಿ 152. ಪಕ್ಕದ ಶೆಡ್‌ನವರನ್ನು ಕರೆದು ತೋರಿಸಿದೆ, ಈಗ ಅವರೂ ಹೀಗೇ ಲೆಕ್ಕ ಹಾಕುತ್ತಾರೆ.

ಆ ಎರಡು ವೋಲ್ಟ್ ಎಲ್ಲಿ ಹೋಯಿತು ಅಂತ ಸುಮ್ನೆ ಬಿಡೋಕೆ ಮನಸ್ಸಾಗಲಿಲ್ಲ. 24 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿ, ಆಲ್ಫಾ ಸೊನ್ನೆಗೆ ಇಟ್ಟು ಒಂದು ಭಾನುವಾರ ಪೂರ್ತಿ ಕೂತೆ. 21.6 ಬರಬೇಕಾದ ಕಡೆ 19 ಚಿಲ್ಲರೆ ಬಂತು. ಕರೆಂಟಿನ ದಾರಿಯಲ್ಲಿ ಯಾವಾಗಲೂ ಎರಡು ಎಸ್‌ಸಿಆರ್ ಇರುತ್ತವೆ, ಒಂದೊಂದೂ ವೋಲ್ಟಿನ ಮೇಲೆ ಸ್ವಲ್ಪ ತಿನ್ನುತ್ತದೆ ಅಲ್ವಾ.

ಸ್ಕೋಪ್ ಇಲ್ಲದೆ ಗಿರಾಕಿಯ ಜಾಗದಲ್ಲೇ ಬೀಟಾ ಹಿಡಿಯುವ ಒಂದು ದಾರಿ ನನ್ನ ಹತ್ತಿರ ಇದೆ, ಅದನ್ನು ಸದ್ಯ ಹೇಳಲ್ಲ. ಇನ್‌ಪುಟ್ ಮಾತ್ರ ಅಳೆದೇ ಲೆಕ್ಕ ಹಾಕಿ. ನಾರಿನ ಯೂನಿಟ್‌ನಲ್ಲಿ ಸಂಜೆ 205ಕ್ಕೆ ಇಳಿಯುತ್ತದೆ, 230 ಹಿಡಿದು ಕೂತಿದ್ದರೆ ಆ ಡ್ರೈವ್ ಫುಲ್ ಲೋಡಿನಲ್ಲಿ ಸ್ಪೀಡೇ ಕೊಡುತ್ತಿರಲಿಲ್ಲ.